ವೇಗದ ದೋಣಿಯ ಪ್ರೊಪೆಲರ್ ಗಾಳಿ ಎಳೆದರೆ ಡ್ರೈವ್ ಹೊಂದಿಸುವ ಬಗೆ

ಪೂರ್ಣ ವೇಗದಲ್ಲಿರುವ ದೋಣಿಯನ್ನು ಬಿಗಿಯಾಗಿ ತಿರುಗಿಸಿದಾಗ ಕೆಲವೊಮ್ಮೆ ಎಂಜಿನ್ ಕಿರುಚಿಕೊಳ್ಳುತ್ತದೆ, ಆರ್‌ಪಿಎಂ ಮುಳ್ಳು ಮೇಲಕ್ಕೆ ಜಿಗಿಯುತ್ತದೆ, ದೋಣಿಯ ವೇಗ ಮಾತ್ರ ಕುಸಿಯುತ್ತದೆ. ಬಾವಿಯ ಪಂಪ್‌ಸೆಟ್ ಗಾಳಿ ಎಳೆದಾಗ ಮೋಟಾರು ಹಗುರವಾಗಿ ತಿರುಗುತ್ತಿದ್ದರೂ ನೀರು ಬಾರದಿರುವುದನ್ನು ಕಂಡವರಿಗೆ ಇದು ಹೊಸತಲ್ಲ. ನೀರಿನ ಮೇಲ್ಮೈಯ ಗಾಳಿಯೋ ಎಂಜಿನ್ನಿನ ಹೊಗೆಯೋ ಪ್ರೊಪೆಲರ್ ರೆಕ್ಕೆಗಳಿಗೆ ಸೇರಿ ನೀರಿನ ಹಿಡಿತ ತಪ್ಪುವುದೇ ವೆಂಟಿಲೇಷನ್. ಕ್ಯಾವಿಟೇಷನ್ ಇದಕ್ಕಿಂತ ಬೇರೆ. ಅಲ್ಲಿ ರೆಕ್ಕೆಯ ಮೇಲಿನ ಒತ್ತಡ ವಿಪರೀತ ಕುಗ್ಗಿ ತಣ್ಣೀರೇ ಕುದಿದು ಆವಿಯ ಗುಳ್ಳೆಗಳಾಗುತ್ತದೆ, ಅವು ಒಡೆಯುವ ಜಾಗದಲ್ಲಿ ಲೋಹ ಇಲಿ ಕಚ್ಚಿದಂತೆ ಸವೆಯುತ್ತದೆ. ಪ್ರೊಪೆಲರಿನ ಮೇಲಿರುವ ಅಡ್ಡ ಫಲಕವನ್ನು ಬಹಳ ಜನ ಕ್ಯಾವಿಟೇಷನ್ ಪ್ಲೇಟ್ ಎಂದೇ ಕರೆಯುತ್ತಾರೆ. ಅದು ತಡೆಯುವುದು ಮೇಲಿನಿಂದ ಇಳಿಯುವ ಗಾಳಿಯನ್ನು, ಆದ್ದರಿಂದ ಆ ಹೆಸರು ತಪ್ಪು.

ಡ್ರೈವಿನ, ಅಂದರೆ ಪ್ರೊಪೆಲರನ್ನು ಹೊತ್ತು ನೀರಿಗಿಳಿಯುವ ಭಾಗದ, ಎತ್ತರಕ್ಕೆ ಕೈ ಹಾಕುವ ಮೊದಲು ಪ್ರೊಪೆಲರನ್ನು ಬಿಚ್ಚಿ ನೋಡಿ. ಹೊಗೆ ಹಬ್ಬಿನ, ಅಂದರೆ ರೆಕ್ಕೆಗಳು ಕೂತಿರುವ ನಡುಭಾಗದ, ಮೂಲಕ ಹೊರಹೋಗುವ ಮಾದರಿಗಳಲ್ಲಿ ಹಬ್ಬಿನ ಹಿಂಬದಿ ಅಂಚು ಗಂಟೆಯ ಬಾಯಿಯಂತೆ ಅರಳಿಕೊಂಡಿರುತ್ತದೆ ಅಥವಾ ಅಲ್ಲಿ ಒಂದು ಬಳೆ ಕೂತಿರುತ್ತದೆ. ಹೊಗೆ ಮುಂದಕ್ಕೆ ಮರಳಿ ರೆಕ್ಕೆಗಳನ್ನು ಸೇರದಂತೆ ತಡೆಯುವುದು ಅದರ ಕೆಲಸ. ಆ ಬಳೆಯ ಕೂದಲೆಳೆಯಂಥ ಬಿರುಕನ್ನು ಗಮನಿಸದೆ ನಾನು ಎರಡು ವಾರಾಂತ್ಯ ಎಂಜಿನ್ನನ್ನು ಏರಿಸುತ್ತ ಇಳಿಸುತ್ತ ಕಳೆದದ್ದುಂಟು. ರೆಕ್ಕೆಯ ಅಂಚು ಬಾಗಿದ್ದರೂ, ಡ್ರೈವಿನ ನೇರ ಮುಂದೆ ಆಳ ಅಳೆಯುವ ಟ್ರಾನ್ಸ್‌ಡ್ಯೂಸರ್ ಕೂರಿಸಿದ್ದರೂ, ದೋಣಿಯ ತಳದ ಹಿಂಭಾಗ ಉಬ್ಬಿತಗ್ಗಿದ್ದರೂ ಗುಳ್ಳೆತುಂಬಿದ ನೀರೇ ಪ್ರೊಪೆಲರಿಗೆ ತಲುಪುತ್ತದೆ. ಇವು ಸರಿಯಾಗದೆ ಮುಂದಿನ ಯಾವ ಅಳತೆಯನ್ನೂ ನಂಬುವಂತಿಲ್ಲ.

ಇನ್ನು ಎತ್ತರ. ದೋಣಿಯನ್ನು ಟ್ರೈಲರಿನ ಮೇಲೆ ಸಮತಟ್ಟಾಗಿ ನಿಲ್ಲಿಸಿ, ಅಡ್ಡ ಫಲಕವು ತಳಕ್ಕೆ ಸಮಾನಾಂತರವಾಗುವಂತೆ ಟ್ರಿಮ್, ಅಂದರೆ ಡ್ರೈವಿನ ಓರೆ, ಇಟ್ಟು, ಉದ್ದನೆಯ ನೇರ ಪಟ್ಟಿಯೊಂದನ್ನು ತಳಕ್ಕೆ ಒತ್ತಿ ಹಿಂದಕ್ಕೆ ಚಾಚಿ. ಆ ಪಟ್ಟಿಯಿಂದ ಪ್ರೊಪೆಲರ್ ಶಾಫ್ಟಿನ ನಡುಬಿಂದುವಿನವರೆಗಿನ ಅಂತರವನ್ನು ಬರೆದಿಟ್ಟುಕೊಳ್ಳಿ. ಔಟ್‌ಬೋರ್ಡ್ ದೋಣಿಯಲ್ಲಿ, ಅಂದರೆ ಎಂಜಿನ್ ಹಿಂಬದಿಯ ಹೊರಗೆ ಕೂತಿರುವ ದೋಣಿಯಲ್ಲಿ, ಅಡ್ಡ ಫಲಕವು ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ 1 ಇಂಚು ಮೇಲೆ ಇರುವಂತೆ ಆರಂಭಿಸಿ, ಅಲ್ಲಿಂದ ಸಲಕ್ಕೆ ಕಾಲು ಇಂಚಿನಂತೆ ಏರಿಸುವುದು ಕ್ಷೇಮ. ಎಂಜಿನ್ ಏರಿಳಿಸುವ ಚೌಕಟ್ಟಾದ ಜ್ಯಾಕ್ ಪ್ಲೇಟ್ ಹಾಕಿ ಎಂಜಿನ್ನನ್ನು ಟ್ರಾನ್ಸಮ್ಮಿನಿಂದ, ಅಂದರೆ ದೋಣಿಯ ಹಿಂಬದಿ ಗೋಡೆಯಿಂದ, ಹಿಂದಕ್ಕೆ ಸರಿಸಿದ್ದರೆ ಇನ್ನೂ ಮೇಲಿಡಬಹುದು, ಏಕೆಂದರೆ ದೋಣಿ ದಾಟಿ ಹೋದ ಮೇಲೆ ಹಿಂದಿನ ನೀರು ಮತ್ತೆ ಏಳುತ್ತದೆ. ಡ್ರೈವ್ ಮೇಲೇರಿದಷ್ಟೂ ನೀರಿನಲ್ಲಿ ಎಳೆಯಬೇಕಾದ ಲೋಹ ಕಡಿಮೆಯಾಗಿ ವೇಗ ಹೆಚ್ಚುತ್ತದೆ. ಅದೇ ಹೊತ್ತಿಗೆ ಪ್ರೊಪೆಲರ್ ಗಾಳಿಗೆ ಹತ್ತಿರವಾಗುತ್ತದೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ಕಿವಿ ಹೇಳಲಾರದು, ಲೆಕ್ಕ ಹೇಳುತ್ತದೆ.

ಆರ್‌ಪಿಎಂ ಅನ್ನು ಗೇರ್ ಅನುಪಾತದಿಂದ (ಪ್ರೊಪೆಲರಿನ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು) ಭಾಗಿಸಿ, ಇಂಚುಗಳಲ್ಲಿರುವ ಪಿಚ್‌ನಿಂದ (ಜಾರದಿದ್ದರೆ ಪ್ರೊಪೆಲರ್ ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಗುಣಿಸಿ, 1056ರಿಂದ ಭಾಗಿಸಿದರೆ ಪ್ರೊಪೆಲರ್ ಜಾರದೆ ಕೊರೆದುಕೊಂಡು ಹೋಗಿದ್ದರೆ ಗಂಟೆಗೆ ಎಷ್ಟು ಮೈಲಿ ಸಾಗಬೇಕಿತ್ತೆಂಬುದು ಸಿಗುತ್ತದೆ. ಒಂದು ಮೈಲಿಗೆ 63,360 ಇಂಚು, ಅದನ್ನು 60 ನಿಮಿಷಕ್ಕೆ ಹಂಚಿದರೆ 1056. ಉದಾಹರಣೆಗೆ 24 ಪಿಚ್, 1.75 ಗೇರ್, 5600 ಆರ್‌ಪಿಎಂ ಆದರೆ 72.7 ಮೈಲಿ ಬರುತ್ತದೆ. ಜಿಪಿಎಸ್ 64 ತೋರಿಸಿದರೆ ಜಾರಿಕೆ, ಅಂದರೆ ಸ್ಲಿಪ್, ಶೇ. 12. ಅರ್ಧ ಇಂಚು ಏರಿಸಿದ ಮೇಲೆ 5800 ಆರ್‌ಪಿಎಂಗೆ ವೇಗ 68 ಆಯಿತೆನ್ನೋಣ, ಸ್ಲಿಪ್ ಶೇ. 10ಕ್ಕಿಂತ ತುಸು ಕೆಳಗಿಳಿಯಿತು, ಲಾಭವೇ ಸರಿ. ಇನ್ನೂ ಕಾಲು ಇಂಚು ಏರಿಸಿದಾಗ ಆರ್‌ಪಿಎಂ 5900 ಆಗಿ ವೇಗ 67ಕ್ಕೆ ಇಳಿದರೆ ಸ್ಲಿಪ್ ಶೇ. 12 ದಾಟುತ್ತದೆ. ಎಂಜಿನ್ ಹುರುಪಿನಿಂದ ಓಡುತ್ತಿರುವಂತೆ ಕೇಳಿಸುವುದು ಇಲ್ಲಿಯೇ, ನಷ್ಟ ಆರಂಭವಾಗುವುದೂ ಇಲ್ಲಿಯೇ. ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಗಾಳಿ ಮತ್ತು ಪ್ರವಾಹದ ಪ್ರಭಾವ ಕಳೆಯಲು ಪ್ರತಿ ಓಟವನ್ನು ಎದುರುಬದುರು ದಿಕ್ಕುಗಳಲ್ಲಿ ಮಾಡಿ ಸರಾಸರಿ ತೆಗೆಯಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ಏರಿಸುವಾಗ ಕಣ್ಣು ನೀರಿನ ಒತ್ತಡದ ಮಾಪಕದ ಮೇಲಿರಲಿ. ಎಂಜಿನ್ ತಂಪಾಗಿಸುವ ನೀರನ್ನು ಸೇದುವ ರಂಧ್ರಗಳು ಗೇರ್‌ಕೇಸಿನ, ಅಂದರೆ ಪ್ರೊಪೆಲರ್ ಶಾಫ್ಟನ್ನು ಹೊತ್ತ ಕೆಳಗಿನ ಕವಚದ, ಪಕ್ಕದಲ್ಲಿರುತ್ತವೆ. ಅವು ನೀರಿನಿಂದ ಹೊರಬಂದರೆ ಒತ್ತಡ ಬೀಳುತ್ತದೆ, ಎಂಜಿನ್ ಸುಡುತ್ತದೆ. ತಯಾರಕರ ಕೈಪಿಡಿ ಹೇಳುವ ಕನಿಷ್ಠ ಒತ್ತಡಕ್ಕಿಂತ ಮುಳ್ಳು ಇಳಿದರೆ, ಸ್ಲಿಪ್ ಎಷ್ಟೇ ಚೆನ್ನಾಗಿದ್ದರೂ, ಆ ಎತ್ತರವನ್ನು ಕೈಬಿಡಬೇಕು. ತುಂಬ ಎತ್ತರದಲ್ಲಿ ಓಡಿಸುವವರು ರಂಧ್ರಗಳು ಮೂಗಿನ ತಳಭಾಗದಲ್ಲಿರುವ ಗೇರ್‌ಕೇಸನ್ನು ಬಳಸುವುದು ಇದೇ ಕಾರಣಕ್ಕೆ.

ಎತ್ತರ ಸರಿಯಿದ್ದೂ ತಿರುವಿನಲ್ಲಿ ಹಿಡಿತ ತಪ್ಪುತ್ತಿದ್ದರೆ ಪ್ರೊಪೆಲರೇ ಆ ಎತ್ತರಕ್ಕೆ ತಕ್ಕದ್ದಲ್ಲ. ರೆಕ್ಕೆಗಳು ಹಿಂದಕ್ಕೆ ಹೆಚ್ಚು ವಾಲಿರುವ ಮತ್ತು ಹಿಂಬದಿ ಅಂಚಿನಲ್ಲಿ ಒಳಮುಖವಾಗಿ ಸುರುಳಿಗೊಳಿಸಿದ, ಅಂದರೆ ಕಪ್ ಮಾಡಿದ, ಸ್ಟೇನ್‌ಲೆಸ್ ಪ್ರೊಪೆಲರ್ ಗಾಳಿ ಬೆರೆತ ನೀರನ್ನೂ ಹಿಡಿದುಕೊಳ್ಳುತ್ತದೆ; ನಾಲ್ಕು ರೆಕ್ಕೆಯದು ಇನ್ನಷ್ಟು. ಪಿಚ್ 1 ಇಂಚು ಬದಲಾದರೆ ಸುಮಾರು 150ರಿಂದ 200 ಆರ್‌ಪಿಎಂ ವ್ಯತ್ಯಾಸವಾಗುತ್ತದೆಂಬುದನ್ನು ನೆನಪಿಟ್ಟು, ಪೂರ್ಣ ಥ್ರಾಟಲ್‌ನಲ್ಲಿ ಎಂಜಿನ್ ತಯಾರಕರು ಹೇಳಿದ ಮಿತಿಯೊಳಗೇ ಇರುವಂತೆ ಆರಿಸಿಕೊಳ್ಳಿ. ಹೋವರ್ಡ್ ಆರ್ನೆಸನ್ ರೂಪಿಸಿದಂಥ ಸರ್ಫೇಸ್ ಡ್ರೈವ್‌ಗಳಲ್ಲಂತೂ ಪ್ರೊಪೆಲರಿನ ಅರ್ಧ ನೀರಿನ ಹೊರಗೇ ತಿರುಗುತ್ತದೆ, ರೆಕ್ಕೆಗಳನ್ನು ಗಾಳಿಯೊಂದಿಗೆ ಬಾಳುವಂತೆಯೇ ಕೆತ್ತಿರುತ್ತಾರೆ.

ಬೇಕೆಂದೇ ಗಾಳಿ ಕೊಡುವ ಸಂದರ್ಭವೂ ಉಂಟು. ನಿಂತಲ್ಲಿಂದ ಹೊರಡುವಾಗ ದೊಡ್ಡ ಪಿಚ್‌ನ ಪ್ರೊಪೆಲರನ್ನು ತಿರುಗಿಸುವಷ್ಟು ಶಕ್ತಿ ಔಟ್‌ಬೋರ್ಡಿಗೆ ಕೆಳಗಿನ ಆರ್‌ಪಿಎಂನಲ್ಲಿ ಇರುವುದಿಲ್ಲ. ಅದಕ್ಕಾಗಿ ಪ್ರತಿ ರೆಕ್ಕೆಯ ಬುಡದ ಹತ್ತಿರ ಹಬ್ಬಿನಲ್ಲಿ ರಂಧ್ರ ಕೊರೆದಿರುತ್ತಾರೆ; ಅಲ್ಲಿಂದ ಸೋರುವ ಹೊಗೆಯಿಂದ ರೆಕ್ಕೆಗಳು ತುಸು ಜಾರಿ, ಎಂಜಿನ್ ಬೇಗ ತನ್ನ ಬಲಕ್ಕೆ ಬರುತ್ತದೆ. ವೇಗ ಹಿಡಿದ ಮೇಲೆ ನೀರಿನ ಹರಿವೇ ಆ ರಂಧ್ರಗಳನ್ನು ಮುಚ್ಚಿ, ಹೊಗೆ ನೇರ ಹಿಂದಕ್ಕೆ ಹೋಗುತ್ತದೆ. ಎಂಜಿನ್ ತಯಾರಕ ಮರ್ಕ್ಯುರಿಯ ಪಿವಿಎಸ್ (ಪರ್ಫಾರ್ಮೆನ್ಸ್ ವೆಂಟ್ ಸಿಸ್ಟಂ) ವ್ಯವಸ್ಥೆಯಲ್ಲಿ ಬೇರೆ ಬೇರೆ ಅಳತೆಯ ತೂತಿನ ಪ್ಲಾಸ್ಟಿಕ್ ಬಿರಡೆಗಳನ್ನು ಬದಲಿಸಿ ಇದನ್ನು ಹೊಂದಿಸಬಹುದು. ಹೊರಡುವಾಗ ಎಂಜಿನ್ ಉಸಿರುಗಟ್ಟಿದಂತೆ ಗೊಣಗಿದರೆ ದೊಡ್ಡ ತೂತಿನ ಬಿರಡೆ, ಸುಮ್ಮನೆ ಕಿರುಚಿ ದೋಣಿ ಕದಲದಿದ್ದರೆ ಚಿಕ್ಕ ತೂತಿನದು ಅಥವಾ ತೂತಿಲ್ಲದ್ದು. ಎಲ್ಲ ರೆಕ್ಕೆಗಳಿಗೂ ಒಂದೇ ಅಳತೆಯದನ್ನು ಹಾಕಬೇಕು.

ಟ್ರಿಮ್ ವಿಷಯ ಚಿಕ್ಕದು: ಹೊರಡುವಾಗ ಮತ್ತು ತಿರುವಿಗೆ ಮುನ್ನ ಡ್ರೈವ್ ಒಳಕ್ಕೆ, ಅಂದರೆ ದೋಣಿಯತ್ತ, ನೇರ ಓಟದಲ್ಲಿ ನಿಧಾನವಾಗಿ ಹೊರಕ್ಕೆ. ಹೊರಕ್ಕೆ ತಂದಾಗ ದೋಣಿ ಎಡಬಲಕ್ಕೆ ತೂಗತೊಡಗಿದರೆ ಒಡನೆ ಒಳಕ್ಕೆ ತಂದು ವೇಗ ಇಳಿಸಿ. ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ದಾರ ಚಾಲಕನ ಮೈಗೆ ಸಿಕ್ಕಿಸಿರಬೇಕು. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ದೋಣಿಗಳಿಗೆ 2021ರ ಏಪ್ರಿಲ್ 1ರಿಂದ ಇದರ ಬಳಕೆ ಕಾನೂನಾಗಿದೆ. ಒಬ್ಬರೇ ಕೂತು, ಕಾಲು ಟ್ಯಾಂಕ್ ಇಂಧನದಲ್ಲಿ ಹೊಂದಿಸಿದ ಎತ್ತರ ನಾಲ್ವರು ಕೂತಾಗ ಹೊಂದುವುದಿಲ್ಲ, ಹಾಗಾಗಿ ನೀವು ಸಾಮಾನ್ಯವಾಗಿ ಹೊರುವ ಭಾರದಲ್ಲಿಯೇ ಕೊನೆಯ ಓಟ ಓಡಿಸಿ, ಆ ಅಂಕಿಗಳನ್ನು ಶಾಫ್ಟಿನ ಅಳತೆಯ ಪಕ್ಕದಲ್ಲೇ ಬರೆದಿಡಿ.