ಜಡಿಮಳೆಯ ಚಳಿಗೆ ಶೇಗಡಿ ಬೇಡ, ಉಪ್ಪಿನ ಗಂಟು ಕಟ್ಟಿ

ಸ್ವಾತಿ ಮಳೆ ಮುಗಿಯಿತೆಂದರೆ ನಮ್ಮ ಗದಗಿನಲ್ಲಿ ಮಳೆಗಾಲವೇ ಮುಗಿದಂತೆ ಎಲ್ಲರೂ ಕೈ ಕಟ್ಟಿ ಕೂರುತ್ತಾರೆ. ಛತ್ರಿ ಅಟ್ಟ ಸೇರುತ್ತದೆ. ಬೆಳಕಿಂಡಿಯ ಮೇಲಿನ ತಗಡನ್ನು ಸರಿಸಿ ಮೂಲೆಗೆ ಒರಗಿಸುತ್ತಾರೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆ ಎಂದು ಟಿವಿಯಲ್ಲಿ ಹೇಳುತ್ತಿದ್ದರೆ, ಅದು ಚೆನ್ನೈ ಕಡೆಯವರ ಪಾಡು ಎಂದು ಚಾನೆಲ್ ಬದಲಿಸುತ್ತಾರೆ. 2021ರ ನವೆಂಬರ್ ಇಷ್ಟು ಬೇಗ ಮರೆತುಹೋಯಿತೇ? ಕೈಗೆ ಬಂದ ಮೆಣಸಿನಕಾಯಿ ಹೊಲದಲ್ಲೇ ಕೊಳೆಯಿತು, ಒಗೆದ ಬಟ್ಟೆ ದಿನಗಟ್ಟಲೆ ಆರಲಿಲ್ಲ. ಕಾರ್ತಿಕದಲ್ಲಿ ಮೂಡಗಾಳಿಯ ಜೊತೆ ಬರುವ ಜಡಿಮಳೆ ಮುಂಗಾರಿನಂತೆ ಸುರಿದು ಹೋಗುವುದಿಲ್ಲ. ಸಣ್ಣಗೆ ಹಿಡಿದು, ಎಲುಬಿನೊಳಗೆ ಚಳಿ ಇಳಿಸಿ, ಕರೆಂಟು ತೆಗೆಸಿ, ಗೋಡೆ ನೆನೆಸಿಯೇ ಹೋಗುತ್ತದೆ.

ಮೋಡ ಕಟ್ಟಿದ ದಿನವೇ ಮಾಡಬೇಕಾದದ್ದು ನಿಮಗೆ ಗೊತ್ತಿರಬೇಕು. ಬೆಳಕಿಂಡಿ ಮುಚ್ಚಿ, ತಗಡಿನ ಮೇಲೆ ಕಲ್ಲು ಹೇರಿ. ಕೊಡಗಳೆಲ್ಲ ತುಂಬಿರಲಿ, ಕರೆಂಟು ಹೋದರೆ ನಳದ ನೀರನ್ನೂ ನಂಬುವಂತಿಲ್ಲ. ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಡಬ್ಬಿ ತುಂಬಿದ್ದರೆ ಮೂರು ದಿನ ಒಲೆಯ ಚಿಂತೆಯಿಲ್ಲ. ಬಟ್ಟೆ ಒಣಗಿಸಲು ತಂತಿ ಕಟ್ಟಿದ್ದರೆ ಇವತ್ತೇ ಬಿಚ್ಚಿ ನೂಲಿನ ಹಗ್ಗ ಕಟ್ಟಿ. ಗಾಳಿಗೆ ಸರ್ವೀಸ್ ವೈರು ಹರಿದು ಆ ತಂತಿಗೆ ತಾಗಿದರೆ, ಒದ್ದೆ ಸೀರೆ ಹರವಲು ಹೋದವಳು ತಿರುಗಿ ಒಳಗೆ ಬರುವುದಿಲ್ಲ. ಬೀದಿಯಲ್ಲಿ ವೈರು ಬಿದ್ದಿದ್ದರೆ ಕೋಲಿನಿಂದಲೂ ಮುಟ್ಟಬೇಡಿ. ದೂರ ನಿಂತು 1912ಕ್ಕೆ ಫೋನು ಮಾಡಿ.

ಇಷ್ಟನ್ನೂ ಹೇಗೋ ಮಾಡಿಕೊಳ್ಳುತ್ತಾರೆ. ನನಗೆ ಸಿಟ್ಟು ಬರುವುದು ಶೇಗಡಿಯ, ಅಂದರೆ ಇದ್ದಿಲು ಉರಿಸುವ ಒಲೆಯ ವಿಷಯಕ್ಕೆ. ಹೋದ ವರ್ಷ ಇಂಥದೇ ಜಡಿಯಲ್ಲಿ ಬೆಟಗೇರಿಯ ನೆಂಟರ ಮನೆಗೆ ಕೂಸು ನೋಡಲು ಹೋಗಿದ್ದೆ. ಬಾಣಂತಿಯ ಕೋಣೆಗೆ ಕಾಲಿಟ್ಟರೆ ಕಿಟಕಿ, ಬಾಗಿಲು ಎಲ್ಲ ಮುಚ್ಚಿದೆ, ಬಾಗಿಲ ಸಂದಿಗೆ ಗೋಣಿಚೀಲ ತುರುಕಿದೆ, ಮಂಚದ ಕೆಳಗೆ ಕೆಂಡ ತುಂಬಿದ ಶೇಗಡಿ! ಓದಿ ನೌಕರಿ ಮಾಡುವ ಹುಡುಗ, ಕೂಸಿನ ತಂದೆ, ನನ್ನನ್ನೇ ಕೇಳುತ್ತಾನೆ: “ಆಯಿ, ಹೊಗೆಯೇ ಇಲ್ಲವಲ್ಲ, ಇದರಿಂದ ಏನಾಗುತ್ತದೆ?” ಹೊಗೆ ಇಲ್ಲದಿರುವುದೇ ಅಪಾಯ. ಹೊಗೆ ಇದ್ದರೆ ಕೆಮ್ಮು ಬಂದು ಎದ್ದು ಹೊರಗೆ ಬರುತ್ತೀರಿ. ಇದ್ದಿಲ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಉಸಿರಿನ ಗಾಳಿ ಇರಬೇಕಾದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಮೊದಲು ತಲೆ ಸಿಡಿಯುತ್ತದೆ, ಓಕರಿಕೆ ಬರುತ್ತದೆ, ಆಮೇಲೆ ಜೊಂಪು. ಮಲಗಿದವರಿಗೆ ಅದೂ ತಿಳಿಯುವುದಿಲ್ಲ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಓಣಿಯಲ್ಲೇ ಹೀಗಾಯಿತು. ಬೆಳಗ್ಗೆ ಹಾಲಿನವನು ಎಷ್ಟು ಕೂಗಿದರೂ ಆ ಮನೆಯ ಬಾಗಿಲು ತೆರೆಯಲಿಲ್ಲ. ಅಗಳಿ ಮುರಿದು ಗಂಡ, ಹೆಂಡತಿ ಇಬ್ಬರನ್ನೂ ಹೊರಗೆಳೆದು ಕಟ್ಟೆಯ ಮೇಲೆ ಮಲಗಿಸಿದರು. ಗಾಳಿ ಬಡಿದ ಮೇಲೆ ಆಕೆ ಕಣ್ಣು ತೆರೆದಳು. ಆತ ತೆರೆಯಲಿಲ್ಲ. ಆ ಶೇಗಡಿ ಅವತ್ತೂ ಮೂಲೆಯಲ್ಲಿ ಬೆಚ್ಚಗೇ ಇತ್ತು. ಕಿಟಕಿ ಕೊಂಚ ತೆರೆದಿಟ್ಟರೆ ಸಾಲದೇ ಎಂದು ಕೇಳಬೇಡಿ. ಮಲಗುವ ಕೋಣೆಗೆ ಕೆಂಡ ಬರಲೇಕೂಡದು. ಯಾರಿಗಾದರೂ ಹಾಗೆ ತಲೆ ತಿರುಗಿದರೆ ಮೊದಲು ಬಯಲಿಗೆ ಕರೆತನ್ನಿ, ಕೂಡಲೇ 108ಕ್ಕೆ ಫೋನು ಮಾಡಿ.

ಹಾಗಾದರೆ ಚಳಿಗೆ ಏನು ಮಾಡಬೇಕು? ಉಪ್ಪಿನ ಗಂಟು ಕಟ್ಟಬೇಕು. ನಮ್ಮ ಅತ್ತೆ ಕಲಿಸಿದ್ದು, ಐವತ್ತು ಚಳಿಗಾಲ ಕಳೆದಿದ್ದೇನೆ ಇದರಿಂದ. ಹರಳುಪ್ಪೇ ಬೇಕು. ಪುಡಿ ಉಪ್ಪು ಬಟ್ಟೆಯ ಕಣ್ಣಿನಿಂದ ಸೋರಿ ಹಾಸಿಗೆಯೆಲ್ಲ ಅಂಟಂಟು ಮಾಡುತ್ತದೆ. ಒಬ್ಬರಿಗೆ ಎರಡು ಬೊಗಸೆ. ಹುರಿಯಲು ಬೇರೆ ಹಳೆಯ ಬಾಣಲೆ ಇಟ್ಟುಕೊಳ್ಳಿ, ರೊಟ್ಟಿ ಹಂಚಿನ ಮೇಲೆ ದಯವಿಟ್ಟು ಬೇಡ. ಉಪ್ಪು ತಾಗಿದ ಹಂಚು ತುಕ್ಕು ಹಿಡಿಯುತ್ತದೆ, ಆಮೇಲೆ ರೊಟ್ಟಿ ಉಬ್ಬಲಿಲ್ಲವೆಂದು ಹಿಟ್ಟನ್ನು ಬೈಯುತ್ತೀರಿ. ಉರಿ ಸಣ್ಣದಿರಲಿ. ಮೊದಲು ಚಟಪಟ ಸಿಡಿಯುತ್ತದೆ, ಆಗ ಮೇಲೊಂದು ಮುಚ್ಚಳ ಓರೆಯಾಗಿಡಿ, ಕಣ್ಣಿಗೆ ಹಾರೀತು. ಸದ್ದು ತಗ್ಗಿದ ಮೇಲೆ ಮುಚ್ಚಳ ತೆಗೆದು ತಿರುವುತ್ತಿರಿ. ಸದ್ದು ಪೂರ್ತಿ ನಿಂತು, ಹರಳಿನ ಹೊಳಪು ಹೋಗಿ ಸುಣ್ಣದ ಹರಳಿನಂತೆ ಮಂಕಾದರೆ ಒಳಗಿನ ನೀರು ಹೋಯಿತೆಂದು ಅರ್ಥ. ಅದಕ್ಕಿಂತ ಮೊದಲೇ ಕಟ್ಟಿದರೆ ಗಂಟು ಬೆವರುತ್ತದೆ, ಬೇಗ ತಣ್ಣಗಾಗುತ್ತದೆ. ಈಗಿನ ಹುಡುಗಿಯರು ತಪ್ಪುವುದು ಇಲ್ಲಿಯೇ, ಎರಡು ನಿಮಿಷ ಕಾಯುವ ತಾಳ್ಮೆ ಇಲ್ಲ.

ಬಟ್ಟೆ ಹಳೆಯ ಧೋತರದ್ದಾಗಬೇಕು, ತೊಳೆದು ತೊಳೆದು ಮೆತ್ತಗಾದ ಹತ್ತಿ ಬಟ್ಟೆ. ಪಾಲಿಯೆಸ್ಟರ್ ಸೀರೆಯ ತುಂಡು ಕಟ್ಟಿದರೆ ಕರಗಿ ಮೈಗೆ ಅಂಟುತ್ತದೆ. ಎರಡು ಪದರ ಮಾಡಿ, ಉಪ್ಪು ಸುರಿದು, ಬಿಗಿಯಾಗಿ ಅಲ್ಲ, ಸಡಿಲವಾಗಿ ಕಟ್ಟಿ. ಕಾಲಿಟ್ಟರೆ ಗಂಟು ಚಪ್ಪಟೆಯಾಗಿ ಹರಡಬೇಕು. ಕಲ್ಲಿನಂತೆ ಗುಂಡಗಿದ್ದರೆ ರಾತ್ರಿಯೆಲ್ಲ ಒದ್ದು ಒದ್ದು ನಿದ್ದೆ ಕೆಡುತ್ತದೆ. ಮುಂಗೈ ಒಳಬದಿಗೆ ಹಚ್ಚಿ ನೋಡಿ. ಹತ್ತು ಎಣಿಸುವವರೆಗೆ ತಡೆಯಲಾಗದಿದ್ದರೆ ಇನ್ನೊಂದು ಸುತ್ತು ಬಟ್ಟೆ ಸುತ್ತಿ. ಮಲಗುವ ಅರ್ಧ ಗಂಟೆ ಮೊದಲು ಕೌದಿಯ ಕಾಲ್ದೆಸೆಯ ಮಡಿಕೆಯೊಳಗೆ ಇಡಿ, ಹಾಸಿಗೆ ಬೆಚ್ಚಗಾಗಿರುತ್ತದೆ. ಕೂಸಿನ ಹಾಸಿಗೆಯಾದರೆ ಬೆಚ್ಚಗಾದ ಮೇಲೆ ಗಂಟು ತೆಗೆದು ಕೂಸನ್ನು ಮಲಗಿಸಿ, ಜೊತೆಗಿಡಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಅರಿವು ಕಡಿಮೆಯಾದವರಿಗೂ ಹಾಗೆಯೇ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಕೌದಿ ಎಂದಾಗ ನೆನಪಾಯಿತು. ಅದನ್ನು ವಾಷಿಂಗ್ ಮಷಿನ್‌ಗೆ ಹಾಕುವವರನ್ನು ಕಂಡರೆ ನನ್ನ ಕರುಳು ಕಿವುಚುತ್ತದೆ. ಒಬ್ಬ ಹೆಣ್ಣುಮಗಳು ತಿಂಗಳುಗಟ್ಟಲೆ ಕೂತು ಹಾಕಿದ ಹೊಲಿಗೆ ಒಂದೇ ಸುತ್ತಿಗೆ ಹರಿಯುತ್ತದೆ. ದೊಡ್ಡ ಟಬ್ಬಿನಲ್ಲಿ ನೆನೆಹಾಕಿ ಕಾಲಿನಿಂದ ತುಳಿದು ತೊಳೆಯಿರಿ, ಹಿಂಡದೆ ಕಟ್ಟೆಯ ಮೇಲೆ ನೀರು ಇಳಿಯಲು ಬಿಡಿ. ಅದೂ ಮಳೆಗೆ ಮೊದಲೇ, ಜಡಿ ಹಿಡಿದ ಮೇಲಲ್ಲ.

ಬೆಳಗ್ಗೆ ಗಂಟು ಬಿಚ್ಚಿ ಉಪ್ಪನ್ನು ಬೇರೆ ಡಬ್ಬಿಗೆ ಹಾಕಿಡಿ, ಅಡುಗೆಗೆ ಬಳಸಬೇಡಿ. ಮರುದಿನ ಹುರಿಯಲು ಅದೇ ಸಾಕು.

ಮಳೆ ನಿಂತಿತೆಂದು ಕೂಡಲೇ ನಿಶ್ಚಿಂತರಾಗಬೇಡಿ. ಮಣ್ಣಿನ ಗೋಡೆ ನೆನೆದದ್ದು ಬಿಸಿಲು ಬಿದ್ದ ಮೇಲೂ ಬೀಳುತ್ತದೆ. 2009ರ ಅಕ್ಟೋಬರಿನ ಮಳೆಯಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು ಉರುಳಿದ್ದನ್ನು ಕಂಡವರು ಇದನ್ನು ಮರೆಯುವುದಿಲ್ಲ. ಜಂತಿಯ ಸಂದಿನಿಂದ ಮಣ್ಣು ಉದುರುತ್ತಿದೆಯೇ, ಗೋಡೆ ಹೊಟ್ಟೆ ಬಂದಿದೆಯೇ, ನಿನ್ನೆ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಇವತ್ತು ಹಿಡಿಯುತ್ತಿದೆಯೇ ನೋಡಿ. ಇವುಗಳಲ್ಲಿ ಒಂದು ಕಂಡರೂ ಮಕ್ಕಳನ್ನು ಎತ್ತಿಕೊಂಡು ಸ್ಲ್ಯಾಬ್ ಹಾಕಿದ ಪಕ್ಕದ ಮನೆಗೆ ಹೋಗಿ. ಸಂಕೋಚ ಮಾಡಬೇಡಿ, ಅವರು ಬೇಡವೆನ್ನುವುದಿಲ್ಲ. ಹೋಗುವಾಗ ಕೌದಿಯನ್ನೂ ಉಪ್ಪಿನ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ.