ಡ್ಯೂಟಿಯ ಆಚೆಗೊಂದು ತಾಳ: ವೈದ್ಯರು ಹವ್ಯಾಸ ಹಿಡಿಯುವ ಬಗೆ

ಉತ್ಸಾಹ, ಅರ್ಪಣೆ, ತನ್ಮಯತೆ: ವೈದ್ಯರ ಕೆಲಸದಲ್ಲಿ ಈ ಮೂರೂ ಉಳಿಯಬೇಕಾದರೆ ಬಿಡುವಿನಲ್ಲಿ ಮನಸ್ಸು ವಾರ್ಡಿನಿಂದ ನಿಜಕ್ಕೂ ಹೊರಬರಬೇಕು.

ಡ್ಯೂಟಿ ಪಟ್ಟಿ ನೋಡಿ, ಆನ್‌ಕಾಲ್ ಇಲ್ಲದ ಸಂಜೆ ಆರಿಸಿ. ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಬರೆದೇ ಕೊಡಿ. ಅರ್ಧಂಬರ್ಧ ಒಪ್ಪಿಸಿ ಬಂದರೆ ಮಲ್ಪೆ ಕಡಲತೀರದಲ್ಲಿ ಕೂತರೂ ತಲೆಯೊಳಗೆ ಅದೇ ಕೇಸ್ ಶೀಟ್.

ನಮ್ಮ ಮಟ್ಟಿಗೆ, ಸುಮ್ಮನೆ ಮೊಬೈಲ್ ನೋಡುವುದಕ್ಕಿಂತ ಕಲಿಯುವಂಥದ್ದು ಮೇಲು. ಚೆಂಡೆಯೋ ಯಕ್ಷಗಾನದ ಹೆಜ್ಜೆಯೋ ಆಗಬಹುದು; ತಾಳ ತಪ್ಪಿದ್ದು ತಕ್ಷಣ ಗೊತ್ತಾಗುವುದರಿಂದ ಬೇರೆ ಯೋಚನೆ ನುಸುಳದು. ವಾರಕ್ಕೆ 45 ನಿಮಿಷದ ಎರಡು ತರಗತಿಯಿಂದ ಶುರು ಮಾಡಿ. ನೈಟ್ ಡ್ಯೂಟಿಯ ಮರುದಿನ ಮಾತ್ರ ಬೇಡ, ಮೊದಲು ನಿದ್ದೆ. ಬೆಳಗ್ಗೆ ಓಪಿಡಿ ಇದ್ದರೆ ಯಕ್ಷಗಾನ ನೋಡಲು ಕಾಲಮಿತಿ ಆಟಕ್ಕಷ್ಟೇ (ರಾತ್ರಿಯಿಡೀ ನಡೆಯದೆ ಬೇಗ ಮುಗಿಯುವ ಪ್ರದರ್ಶನ) ಹೋಗಿ.

ಆಸ್ಪತ್ರೆಯವರು ಒತ್ತಾಯದಿಂದ ಸೇರಿಸಿದರೆ ಹವ್ಯಾಸವೂ ಡ್ಯೂಟಿಯೇ ಆಗುತ್ತದೆ. ಆಯ್ಕೆ ನಿಮ್ಮದೇ ಇರಲಿ.