ಉಳಿಸಿಟ್ಟ ಗ್ರಾಫ್ ಮತ್ತೆ ತೆರೆಯುವ ಹೊತ್ತಿಗೆ

ಧಾರವಾಡದಲ್ಲಿ ಕೃಷಿ ಅರ್ಥಶಾಸ್ತ್ರದ ಸಂಶೋಧನೆ ಮಾಡುವವರ ಜೊತೆ ನನ್ನ ಕೆಲಸ. ಬ್ಯಾಡಗಿ ಮೆಣಸಿನಕಾಯಿ ಧಾರಣೆ, ಗದಗಿನ ಹೆಸರುಕಾಳಿನ ಆವಕ, ರೈತರ ಮನೆಮನೆ ಸಮೀಕ್ಷೆ ಹೀಗೆ ಅವರು ತಂದ ಡೇಟಾವನ್ನು ಸ್ಟ್ಯಾಟಾ ಅನ್ನೋ ಅಂಕಿಅಂಶದ ಸಾಫ್ಟ್‌ವೇರಿಗೆ ಹಾಕಿ ಲೆಕ್ಕ ತೆಗೆದು ಗ್ರಾಫ್ ಮಾಡಿ ಕೊಡುತ್ತೇನೆ. ಹೊಸ ಗ್ರಾಫ್ ಬೇಕು ಅಂತ ಬರುವವರಿಗಿಂತ, ಮೊದಲು ಮಾಡಿದ್ದನ್ನೇ ತೆಗೆದು ಸ್ವಲ್ಪ ತಿದ್ದಿಕೊಡಿ ಅಂತ ಬರುವವರೇ ಜಾಸ್ತಿ. ಆಗ ಆ ಗ್ರಾಫನ್ನು ಹೇಗೆ ಉಳಿಸಿದ್ದೆವು ಅನ್ನೋದೇ ಮುಖ್ಯವಾಗುತ್ತದೆ.

ಪಿಎನ್‌ಜಿ ಮಾಡಿ ಇಟ್ಟರೆ ಅದು ಬರೀ ಚಿತ್ರ. ವರದಿಗೆ ಅಂಟಿಸಬಹುದು, ಅಕ್ಷರ ತಿದ್ದಲು ಆಗುವುದಿಲ್ಲ. ‘ಗ್ರಾಫ್ ಸೇವ್’ ಆದೇಶ ಕೊಟ್ಟರೆ ಜಿಪಿಎಚ್ ಫೈಲ್ ಆಗುತ್ತದೆ. ಅದರೊಳಗೆ ಗ್ರಾಫಿನ ಜೊತೆ ಅದನ್ನು ಬರೆಯಲು ಬೇಕಾದ ಡೇಟಾವೂ ಇರುತ್ತದೆ. ಇದನ್ನೇ ಸ್ಟ್ಯಾಟಾದಲ್ಲಿ ‘ಲೈವ್’ ಅನ್ನುತ್ತಾರೆ. ಸುಮ್ನೆ ವಿಂಡೋದಲ್ಲಿ ಕಾಣುತ್ತಿರುವ ಗ್ರಾಫನ್ನು ನಂಬಬೇಡಿ. ಹೆಸರು ಕೊಡದಿದ್ದರೆ ಮುಂದಿನ ಗ್ರಾಫ್ ಬಂದು ಅದರ ಜಾಗದಲ್ಲಿ ಕೂರುತ್ತದೆ. ಹೆಸರು ಕೊಟ್ಟಿದ್ದರೂ ಸ್ಟ್ಯಾಟಾ ಮುಚ್ಚಿದರೆ ಹೋಯಿತು.

ಒಬ್ಬ ವಿದ್ಯಾರ್ಥಿನಿ ಥೀಸಿಸ್ ಪ್ರಿಂಟಿಗೆ ಕೊಡುವ ಹೊತ್ತಿಗೆ ಬಂದಳು. ಬ್ಯಾಡಗಿ ಡಬ್ಬಿ ಮತ್ತು ಬ್ಯಾಡಗಿ ಕಡ್ಡಿ, ಎರಡು ತಳಿಗಳ ಧಾರಣೆಯ ಗ್ರಾಫ್ ಬೇರೆ ಬೇರೆ ಇದ್ದವು. ಅಕ್ಕಪಕ್ಕ ಇಟ್ಟು, ಒಂದೇ ಅಳತೆಯಲ್ಲಿ, ಕಪ್ಪುಬಿಳುಪಿನಲ್ಲಿ ಬೇಕು ಅಂತ ಗೈಡ್ ಹೇಳಿದ್ದರು. “ಅಕ್ಕಾ, ಮೂಲ ಡೇಟಾದಾಗ ಆಮೇಲೆ ಭಾಳ ತಿದ್ದೇನ್ರಿ. ಆಗಿಂದು ಈಗ ಸಿಗಂಗಿಲ್ಲ, ಗ್ರಾಫ್ ಫೈಲ್ ಅಷ್ಟ ಐತ್ರಿ” ಅಂದಳು.

ಅಷ್ಟಿದ್ದರೆ ಸಾಕು. ನಾನು ಮೊದಲು ಮಾಡಿದ್ದು ‘ಗ್ರಾಫ್ ಡಿಸ್ಕ್ರೈಬ್’. ಗ್ರಾಫ್ ತೆರೆಯದೆಯೇ ಅದರ ಜಾತಕ ಹೇಳುವ ಆದೇಶ ಇದು. ಫೈಲ್ ಲೈವ್ ಹೌದೋ ಅಲ್ಲವೋ, ಯಾವ ದಿನ ಮಾಡಿದ್ದು, ಯಾವ ಸ್ಕೀಮ್ (ಅಂದರೆ ಬಣ್ಣ, ಗೆರೆ, ಹಿನ್ನೆಲೆಯ ಸಿದ್ಧ ವಿನ್ಯಾಸ), ಯಾವ ಡೇಟಾ ಫೈಲಿನಿಂದ ಬಂದಿದೆ, ಕೊನೆಗೆ ಗ್ರಾಫ್ ಮಾಡಿದ ಪೂರ್ತಿ ಆದೇಶ ಎಲ್ಲ ಪರದೆ ಮೇಲೆ ಬಂತು. ಆದೇಶಗಳನ್ನೆಲ್ಲ ಬರೆದಿಟ್ಟ ಡು-ಫೈಲ್ ಕಳೆದುಹೋಗಿದ್ದವರಿಗೆ ಈ ಕೊನೆಯ ಸಾಲು ಎಷ್ಟು ದೊಡ್ಡ ಸಹಾಯ ಅಂತ ಬೇರೆ ಹೇಳಬೇಕಿಲ್ಲ.

ಆಮೇಲೆ ‘ಗ್ರಾಫ್ ಯೂಸ್’ ಕೊಟ್ಟು ಒಂದೊಂದನ್ನೇ ತೆರೆದು ನೋಡಿದೆವು. ಸ್ಕೀಮ್ ಹೇಳದಿದ್ದರೆ ಫೈಲಿನಲ್ಲಿ ದಾಖಲಾದ ಹಳೆಯ ಸ್ಕೀಮ್‌ನಲ್ಲೇ ಗ್ರಾಫ್ ತೆರೆದುಕೊಳ್ಳುತ್ತದೆ. 2023ರಲ್ಲಿ ಬಂದ ಸ್ಟ್ಯಾಟಾ 18ರಿಂದ ಮಾಮೂಲಿ ಬಣ್ಣಗಳೇ ಬದಲಾಗಿವೆ. ಹಾಗಾಗಿ ಹಳೆಯ ಫೈಲಿನ ಗ್ರಾಫೂ ಈಗ ಮಾಡಿದ ಗ್ರಾಫೂ ಒಂದೇ ಥೀಸಿಸ್‌ನಲ್ಲಿ ಬೇರೆ ಬೇರೆ ಕೈಯಿಂದ ಬಂದ ಹಾಗೆ ಕಾಣುತ್ತವೆ. ತೆರೆಯುವಾಗಲೇ ಎಸ್‌1ಮೊನೊ ಸ್ಕೀಮ್ ಅಂತ ಹೇಳಿದರೆ ಗೆರೆ, ಹಿನ್ನೆಲೆ ಎಲ್ಲ ಕಪ್ಪುಬಿಳುಪಿಗೆ ಬರುತ್ತದೆ.

ಎರಡನ್ನೂ ಸೇರಿಸಲು ‘ಗ್ರಾಫ್ ಕಂಬೈನ್’. ಇದಕ್ಕೆ ಜಿಪಿಎಚ್ ಫೈಲುಗಳ ಹೆಸರನ್ನೇ ನೇರವಾಗಿ ಕೊಡಬಹುದು. ಜೊತೆಗೆ ‘ವೈಕಾಮನ್’ ಹಾಕಲೇಬೇಕು. ಇಲ್ಲದಿದ್ದರೆ ಎಡಗಡೆ ಒಂದು ಅಳತೆ, ಬಲಗಡೆ ಇನ್ನೊಂದು ಅಳತೆ ಆಗಿ, ಕಡಿಮೆ ಧಾರಣೆಯೂ ಹೆಚ್ಚಿನಂತೆ ಕಾಣುತ್ತದೆ. ಧಾರಣೆ ಹೋಲಿಸುವ ಗ್ರಾಫಿನಲ್ಲಿ ಇದು ಓದುವವರಿಗೆ ಮಾಡುವ ಮೋಸ ಅಂತಲೇ ನಾನು ತಿಳಿಯುತ್ತೇನೆ. ಕಂಬೈನ್ ಮಾಡುವಾಗ ಒಂದೊಂದು ಗ್ರಾಫೂ ತನ್ನದೇ ಸ್ಕೀಮ್ ಹಿಡಿದುಕೊಂಡು ಬರುತ್ತದೆ. ಎಲ್ಲಕ್ಕೂ ಒಂದೇ ಬೇಕಿದ್ದರೆ ಸ್ಕೀಮ್ ಹೆಸರಿನ ಜೊತೆ ‘ಕಾಮನ್‌ಸ್ಕೀಮ್’ ಸೇರಿಸಬೇಕು.

ಇನ್ನೊಂದು ಕೇಳಿ. ಅವಳಿಗೆ ಗ್ರಾಫಿನಲ್ಲಿದ್ದ ಧಾರಣೆಗಳ ಪಟ್ಟಿಯೂ ಬೇಕಿತ್ತು, ಅನುಬಂಧಕ್ಕೆ. ಲೈವ್ ಗ್ರಾಫಿನೊಳಗಿನ ಡೇಟಾಕ್ಕೆ ಸ್ಟ್ಯಾಟಾದಲ್ಲಿ ‘ಸರ್‌ಸೆಟ್’ ಅಂತ ಹೆಸರು. ಗ್ರಾಫ್ ತೆರೆದ ಮೇಲೆ ‘ಸರ್‌ಸೆಟ್ ಡಿರ್’ ಕೊಟ್ಟರೆ ಪಟ್ಟಿ ಬರುತ್ತದೆ, ಎಣಿಕೆ ಸೊನ್ನೆಯಿಂದ ಶುರು. ಬೇಕಾದದ್ದನ್ನು ಆರಿಸಿ ‘ಸರ್‌ಸೆಟ್ ಯೂಸ್’ ಅಂದರೆ ಅದು ಮಾಮೂಲಿ ಡೇಟಾ ಆಗಿ ಮುಂದೆ ನಿಲ್ಲುತ್ತದೆ. ದಿನಾಂಕ, ಧಾರಣೆ ಸಾಲುಸಾಲಾಗಿ ಕಂಡಾಗ ಆ ಹುಡುಗಿಯ ಮುಖ ನೋಡಬೇಕಿತ್ತು! ಆದರೆ ಗ್ರಾಫಿಗೆ ಬಳಸಿದ ಕಾಲಂಗಳು ಮಾತ್ರ ಸಿಗುತ್ತವೆ. ಸರಾಸರಿ ತೋರಿಸುವ ಬಾರ್ ಗ್ರಾಫ್ ಆಗಿದ್ದರೆ ಆ ಸರಾಸರಿ ಅಷ್ಟೇ ಒಳಗಿರುತ್ತದೆ, ಮೂಲ ಅಂಕಿಗಳು ಸಿಗುವುದಿಲ್ಲ.

ಸ್ಟ್ಯಾಟಾ ಬದಲು ಆರ್ ಅನ್ನೋ ಸಾಫ್ಟ್‌ವೇರ್ ಬಳಸುವವರೂ ಇಲ್ಲಿ ಬಹಳ ಜನ ಇದ್ದಾರೆ. ಅದರ ಜಿಜಿಪ್ಲಾಟ್ ಪ್ಯಾಕೇಜಿನಲ್ಲಿ ಮಾಡಿದ ಗ್ರಾಫನ್ನು ಆರ್‌ಡಿಎಸ್ ಫೈಲಾಗಿ ಇಟ್ಟರೆ ಡೇಟಾ ಸಮೇತ ಮತ್ತೆ ತೆರೆಯುತ್ತದೆ. ‘ರೆಕಾರ್ಡ್‌ಪ್ಲಾಟ್’ ಆದೇಶದಿಂದ ಹಿಡಿದಿಟ್ಟ ಗ್ರಾಫ್ ಮಾತ್ರ ಆರ್‌ನ ಆವೃತ್ತಿ ಬದಲಾದರೆ ತೆರೆಯುತ್ತದೆ ಅಂತ ಭರವಸೆ ಇಲ್ಲ.

ಡೇಟಾ ಒಳಗೇ ಇರುವುದರಿಂದ ಒಂದು ಜವಾಬ್ದಾರಿಯೂ ಇದೆ. ಹಾವೇರಿ ಕಡೆಯ ಹಳ್ಳಿಯೊಂದರ ಸಮೀಕ್ಷೆ ಅಂದುಕೊಳ್ಳಿ. ಜಮೀನು ಎಷ್ಟು, ಸಾಲ ಎಷ್ಟು ಅಂತ ಮನೆಗೊಂದು ಚುಕ್ಕೆ ಇರುವ ಸ್ಕ್ಯಾಟರ್ ಗ್ರಾಫ್. ಅದರ ಲೈವ್ ಫೈಲ್ ಮೇಲ್ ಮಾಡಿದರೆ ಪ್ರತಿ ಮನೆಯ ಲೆಕ್ಕವನ್ನೂ ಕಳಿಸಿದ ಹಾಗೆ. ಚುಕ್ಕೆಗೆ ಹೆಸರಿನ ಲೇಬಲ್ ಹಾಕಿದ್ದರಂತೂ ಹೆಸರೂ ಹೋಗುತ್ತದೆ. ಸಾಲದ ಮಾತು ರೈತ ನಮ್ಮನ್ನು ನಂಬಿ ಹೇಳಿದ್ದು, ಅಲ್ವಾ? ಹಾಗಾಗಿ ಲೈವ್ ಫೈಲ್ ನಾನು ನಮ್ಮ ಫೋಲ್ಡರಿನಲ್ಲೇ ಇಡುತ್ತೇನೆ, ಡು-ಫೈಲ್ ಪಕ್ಕದಲ್ಲಿ, ಅದೇ ಹೆಸರಿನಲ್ಲಿ. ಹೊರಗೆ ಕೊಡುವುದು ಲೇಬಲ್ ತೆಗೆದ ಪಿಡಿಎಫ್. ಜಿಪಿಎಚ್ಚೇ ಬೇಕು ಅಂದವರಿಗೆ ಲೇಬಲ್ ತೆಗೆದು ‘ಆಸ್‌ಈಸ್’ ಆಯ್ಕೆ ಹಾಕಿ ಸೇವ್ ಮಾಡಿ ಕೊಡುತ್ತೇನೆ. ಅದು ಕಂಡ ಹಾಗೆಯೇ ತೆರೆಯುತ್ತದೆ, ಎಡಿಟರಿನಲ್ಲಿ ತಿದ್ದಲು ಬರುವುದಿಲ್ಲ.